‘ಲೈಫ್‌ಟೈಮ್ ಫ್ರೀ’ ಕ್ರೆಡಿಟ್ ಕಾರ್ಡ್ ಇರೋರು ಒಮ್ಮೆ ಸ್ಟೇಟ್‌ಮೆಂಟ್ ನೋಡಿಕೊಳ್ಳಿ

ನನ್ನ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಮೊನ್ನೆ ‘ವಾರ್ಷಿಕ ಶುಲ್ಕ’ ಅಂತ ಒಂದು ಸಾಲು ಬಂದಿತ್ತು. ಅದರ ಕೆಳಗೇ 18% ಜಿಎಸ್‌ಟಿ. ಕಾರ್ಡ್ ಕೊಡುವಾಗ ಜೀವನಪೂರ್ತಿ ಫ್ರೀ ಅಂದಿದ್ದರು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, “ಟರ್ಮ್ಸ್ ಬದಲಾಗಿವೆ ಸರ್. ಬ್ಯಾಂಕ್ ಯಾವಾಗ ಬೇಕಾದ್ರೂ ಬದಲಾಯಿಸಬಹುದು ಅಂತ ಅಗ್ರಿಮೆಂಟಿನಲ್ಲೇ ಇದೆ” ಅಂದರು. ನನಗೆ ಯಾಕೆ ತಿಳಿಸಲಿಲ್ಲ ಅಂದೆ. ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಅಂದರು. ಸರಿ, ಕಾರ್ಡೇ ಬೇಡ ಅಂದರೆ, “ಮೊದಲು ಶುಲ್ಕ ಕಟ್ಟಿ, ಆಮೇಲೆ ಕ್ಲೋಸ್ ಮಾಡ್ತೀವಿ” ಅಂದರು! ಇಲ್ಲೇ ಜಾಸ್ತಿ ಜನ ಸುಮ್ನೆ ದುಡ್ಡು ಕಟ್ಟಿ ಕೈತೊಳೆದುಕೊಳ್ಳೋದು.

ಕಟ್ಟಬೇಡಿ. ಆರ್‌ಬಿಐನ ಕಾರ್ಡ್ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಶುಲ್ಕ ಬದಲಾಯಿಸುವ ಮುಂಚೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಹಿಂದಿನ ದಿನಾಂಕದಿಂದ ಹಾಕುವ ಹಾಗಿಲ್ಲ. ಹೊಸ ಶುಲ್ಕ ಇಷ್ಟವಿಲ್ಲ ಅಂತ ಕಾರ್ಡ್ ವಾಪಸ್ ಕೊಟ್ಟರೆ ಅದಕ್ಕೆ ಬೇರೆ ಚಾರ್ಜ್ ಹಾಕುವಂತಿಲ್ಲ. ಬಾಕಿ ಏನೂ ಇಲ್ಲದಿದ್ದರೆ ಕ್ಲೋಸ್ ಮಾಡಲು ಅವರಿಗೆ ಇರುವುದು 7 ಕೆಲಸದ ದಿನ. ಅದು ಮೀರಿದರೆ ದಿನಕ್ಕೆ 500 ರೂಪಾಯಿ ಅವರೇ ನಮಗೆ ಕೊಡಬೇಕು.

ಹಾಗಂತ ಬಿಲ್ ಬಂದಾಗ ಸುಮ್ಮನಿರಬೇಡಿ. ಲೇಟ್ ಫೀ ಬೀಳುತ್ತೆ, ಕ್ರೆಡಿಟ್ ಸ್ಕೋರ್‌ಗೂ ಪೆಟ್ಟು. ಕೊನೆಯ ದಿನಾಂಕಕ್ಕೆ ಮುಂಚೆಯೇ ‘ಈ ಶುಲ್ಕಕ್ಕೆ ನನ್ನ ಒಪ್ಪಿಗೆ ಇಲ್ಲ, ನೋಟಿಸ್ ಕಳಿಸಿದ ದಿನಾಂಕ ತಿಳಿಸಿ’ ಅಂತ ಮೇಲ್ ಹಾಕಿ, ದೂರಿನ ನಂಬರ್ ತಗೊಳ್ಳಿ. ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ಬೆಲೆ ಇರೋದಿಲ್ಲ. ಖರ್ಚು ಮಾಡಿದ ಉಳಿದ ಮೊತ್ತವನ್ನು ಮಾತ್ರ ಕಟ್ಟಿಬಿಡಿ.

30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ವಕೀಲರು ಬೇಡ, ಫೀಸೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ದ (ಅಂದರೆ ಗ್ರಾಹಕರಿಗೆ ಅನ್ಯಾಯವಾಗುವ ಏಕಪಕ್ಷೀಯ ಷರತ್ತುಗಳ) ವಿರುದ್ಧವೂ ದೂರು ಕೊಡಬಹುದು. ಆದರೆ ಅಂಥ ದೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಡೆಯಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಒಂದು ವರ್ಷದ ಕಾರ್ಡ್ ಶುಲ್ಕಕ್ಕೆ ಅಷ್ಟು ಓಡಾಟ ಯಾರಿಗೆ ಬೇಕು, ಅಲ್ವಾ?

ನನ್ನ ಮೇಲ್‌ನಲ್ಲಿ ಓಂಬುಡ್ಸ್‌ಮನ್ ಹೆಸರು ಎತ್ತಿದ ಮೇಲೆ ಶುಲ್ಕ ವಾಪಸ್ ಬಂತು. ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಅಂತ ಉಪಕಾರ ಮಾಡಿದವರ ಹಾಗೆ ಬರೆದಿದ್ದರು. ಜಿಎಸ್‌ಟಿ ಮಾತ್ರ ಹಾಗೇ ಬಿಟ್ಟಿದ್ದರು. ಅದಕ್ಕೆ ಇನ್ನೊಂದು ಮೇಲ್ ಹಾಕಬೇಕಾಯಿತು. ನಿಮಗೆ ವಾಪಸ್ ಬಂದಾಗ ಎರಡೂ ಸಾಲು ನೋಡಿಕೊಳ್ಳಿ.