ಲಿನಕ್ಸ್‌ನಲ್ಲಿ ವೇಡ್ರಾಯ್ಡ್: ಕೆಲವು ವರ್ಷ ಬಳಸಿದ ಮೇಲೆ

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಓಡಿಸೋಕೆ ಏನು ಹಾಕಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ವೇಡ್ರಾಯ್ಡ್. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ವೇಗದ ಬಗ್ಗೆ ದೂರೇ ಇಲ್ಲ. ಲೀನಿಯೇಜ್ ಓಎಸ್ (ಆಂಡ್ರಾಯ್ಡ್‌ನ ಒಂದು ಮುಕ್ತ ಆವೃತ್ತಿ) ಆಧಾರಿತ ಆಂಡ್ರಾಯ್ಡನ್ನು ಕಂಟೇನರ್ ಒಳಗೆ, ಅಂದರೆ ಲಿನಕ್ಸ್‌ನೊಳಗೇ ಬೇರ್ಪಡಿಸಿದ ಜಾಗದಲ್ಲಿ, ಕೂರಿಸಿ, ನಮ್ಮ ಯಂತ್ರದ ಕರ್ನಲ್ (ಲಿನಕ್ಸ್‌ನ ತಿರುಳು) ಮೇಲೆಯೇ ಓಡಿಸುತ್ತದೆ. ಇಡೀ ಫೋನನ್ನೇ ಅನುಕರಿಸುವ ಎಮ್ಯುಲೇಟರ್‌ನ ಭಾರ ಇಲ್ಲ.

ಹಾಕಿದ ಕೂಡಲೇ ಮಲ್ಟಿ ವಿಂಡೋ ಆನ್ ಮಾಡಿ. ಇಲ್ಲದಿದ್ದರೆ ಪರದೆ ತುಂಬ ಒಂದು ದೊಡ್ಡ ಫೋನ್ ಬಂದು ಕೂರುತ್ತದೆ. ಆನ್ ಮಾಡಿದರೆ ಪ್ರತಿ ಆ್ಯಪ್‌ಗೂ ಬೇರೆ ವಿಂಡೋ. ಆಲ್ಟ್-ಟ್ಯಾಬ್ ಒತ್ತಿದರೆ ಬ್ರೌಸರ್‌ನಿಂದ ನೇರ ನೋಟ್ಸ್ ಆ್ಯಪ್‌ಗೆ ಹೋಗಬಹುದು. ಇದೊಂದೇ ಸೌಲಭ್ಯಕ್ಕೆ ನಾನು ಇದನ್ನು ಬಿಟ್ಟಿಲ್ಲ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ವೇಲ್ಯಾಂಡ್ ವ್ಯವಸ್ಥೆ ಮಾತ್ರ ಬೇಕೇ ಬೇಕು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಆರ್ಮ್‌ಗಷ್ಟೇ (ಫೋನ್‌ಗಳಲ್ಲಿ ಸಾಮಾನ್ಯವಾಗಿರುವ ಪ್ರೊಸೆಸರ್ ಬಗೆ) ಕಟ್ಟಿದ ಆ್ಯಪ್ ಓಡಬೇಕಾದರೆ ಅನುವಾದಕ ಲೈಬ್ರರಿಯನ್ನು ಬೇರೆಯಾಗಿ ಸೇರಿಸಬೇಕು.

ಜಾಸ್ತಿ ಬೇಜಾರಾಗುವುದು ಬ್ಯಾಂಕ್ ಆ್ಯಪ್ ತೆರೆದಾಗ. ನನ್ನ ಬ್ಯಾಂಕಿನದು ಈ ಸಾಧನ ಸುರಕ್ಷಿತವಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತದೆ. ಸಾಧನ ನಂಬಿಕೆಗೆ ಅರ್ಹವೇ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆ ಬಳಸುವ ಆ್ಯಪ್‌ಗಳು ಗೂಗಲ್ ಪ್ರಮಾಣೀಕರಿಸಿದ ಸಾಧನವನ್ನೇ ಕೇಳುತ್ತವೆ. ವೇಡ್ರಾಯ್ಡ್ ಹಾಗೆ ಪ್ರಮಾಣೀಕೃತವಾದದ್ದಲ್ಲ. ಅದೇ ಬ್ಯಾಂಕಿನ ವೆಬ್‌ಸೈಟ್ ಅದೇ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತದೆ. ಖಾತೆ ಅದೇ, ಹಣ ಅದೇ. ಹಾಗಾದರೆ ಅಪಾಯ ಎಲ್ಲಿಂದ ಬಂತು ಹೇಳಿ?

ಇದರಿಂದ ನನಗೆ ಒಂದು ಮಾತು ಗಟ್ಟಿಯಾಯಿತು. ಒಂದು ವ್ಯವಸ್ಥೆಯ ಆ್ಯಪನ್ನು ಇನ್ನೊಂದರಲ್ಲಿ ಓಡಿಸುವುದು ಯಾವಾಗಲೂ ಬೇರೆಯವರ ಮರ್ಜಿಯಲ್ಲೇ ಇರುತ್ತದೆ. ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಓಡಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ವೆಬ್‌ಗೂ ಕಾವಲುಗಾರರಿದ್ದಾರೆ, ನಿಜ. 2024ರಲ್ಲಿ ಐರೋಪ್ಯ ಒಕ್ಕೂಟದ ಐಫೋನ್‌ಗಳಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳನ್ನು (ಹೋಮ್ ಸ್ಕ್ರೀನ್‌ಗೆ ಸೇರಿಸಿ ಆ್ಯಪ್‌ನಂತೆ ಬಳಸುವ ವೆಬ್‌ಸೈಟ್‌ಗಳು) ತೆಗೆಯಲು ಆ್ಯಪಲ್ ಹೊರಟಿತ್ತು. ವಿರೋಧ ಜೋರಾದ ಮೇಲೆ ಹಿಂದೆ ಸರಿಯಿತು. ಅಂದರೆ ಜನ ಬಾಯಿಬಿಟ್ಟು ಕೇಳಿದರೆ ನಡೆಯುತ್ತದೆ ಅಲ್ವಾ?

ಈಗ ನಾನು ಮೊದಲು ವೆಬ್ ಆವೃತ್ತಿ ಹುಡುಕುತ್ತೇನೆ. ಸರ್ವಿಸ್ ವರ್ಕರ್, ಅಂದರೆ ಬ್ರೌಸರ್‌ನಲ್ಲಿ ಹಿನ್ನೆಲೆಯಲ್ಲಿ ಓಡಿ ಪುಟಗಳನ್ನು ಉಳಿಸಿಡಬಲ್ಲ ಸಣ್ಣ ಪ್ರೋಗ್ರಾಂ, ಚೆನ್ನಾಗಿ ಬರೆದಿದ್ದರೆ ನೆಟ್ ಇಲ್ಲದಾಗಲೂ ಅದು ತೆರೆಯುತ್ತದೆ. ಐಫೋನ್‌ನಲ್ಲೂ ಐಒಎಸ್ 16.4ರಿಂದ, ಅಂದರೆ 2023ರಿಂದ, ಹೋಮ್ ಸ್ಕ್ರೀನ್‌ಗೆ ಸೇರಿಸಿದ ವೆಬ್ ಆ್ಯಪ್‌ಗಳಿಗೆ ಪುಶ್ ನೋಟಿಫಿಕೇಶನ್ ಬರುತ್ತದೆ. ವೆಬ್‌ಸೈಟೇ ಇಲ್ಲದ ಸೇವೆಗಳಿಗೆ ಮಾತ್ರ ವೇಡ್ರಾಯ್ಡ್. ಅಂಥ ಸೇವೆಗಳು ಹೆಚ್ಚುತ್ತಿರುವುದು ನನಗೆ ನಿಜಕ್ಕೂ ಆತಂಕ ತರುತ್ತದೆ. ಇದ್ದ ವೆಬ್‌ಸೈಟ್ ಮುಚ್ಚಿ, ಆ್ಯಪ್ ಹಾಕಿಕೊಳ್ಳಿ ಅಂದುಬಿಟ್ಟರೆ ನಮ್ಮಂಥವರಿಗೆ ಬಾಗಿಲೇ ಇರುವುದಿಲ್ಲ. ಹಾಗೆ ಮಾಡಿದ ಪ್ರತಿ ಸೇವೆಗೂ ನಾನು ಪತ್ರ ಬರೆದು ವೆಬ್ ಆವೃತ್ತಿ ಕೇಳುತ್ತೇನೆ. ನೀವೂ ಕೇಳಿ.

ವೇಲ್ಯಾಂಡ್ ಇರುವ ಲಿನಕ್ಸ್ ನಿಮ್ಮದಾದರೆ ವೇಡ್ರಾಯ್ಡ್ ಧಾರಾಳವಾಗಿ ಹಾಕಿಕೊಳ್ಳಿ. ಹಣದ ವ್ಯವಹಾರಕ್ಕೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ.