ಮಸಾಡ ಸೂರ್ಯೋದಯ ಪ್ಯಾಕೇಜ್: ಫೋಟೊ ತೆಗೆಯುವವರು ದುಡ್ಡು ಕೊಡುವ ಮುಂಚೆ ಓದಿ

ನೇರವಾಗಿ ಹೇಳಿಬಿಡುತ್ತೇನೆ. ಇಸ್ರೇಲಿನಲ್ಲಿ, ಮೃತ ಸಮುದ್ರದ ಪಕ್ಕದ ಬೆಟ್ಟದ ಮೇಲಿರುವ ಮಸಾಡ ಕೋಟೆಗೆ ಐದಕ್ಕೆ ಐದು ಅಂಕ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ಸೂರ್ಯೋದಯ ಪ್ಯಾಕೇಜಿಗೆ ಐದಕ್ಕೆ ಎರಡು. ಬೆಟ್ಟ ಹತ್ತಿ, ಸೂರ್ಯನನ್ನು ನೋಡಿ, ಇಳಿದು ಬರುವವರಿಗೆ ಆ ಪ್ಯಾಕೇಜ್ ಸಾಕು. ಕ್ಯಾಮೆರಾ ಹಿಡಿದು ಹೋಗುವವರಿಗೆ ಮಾತ್ರ ಖಂಡಿತ ಸಾಲದು.

ಜೆರುಸಲೇಮಿನಿಂದ ಹೊರಡುವ ಸಾರ್ವಜನಿಕ ಬಸ್ಸುಗಳು ಸೂರ್ಯ ಹುಟ್ಟುವ ಮುಂಚೆ ಮಸಾಡ ತಲುಪುವುದಿಲ್ಲ. ಅದಕ್ಕೇ ರಾತ್ರಿ ವ್ಯಾನ್‌ಗಳಿಗೆ ಅಷ್ಟು ಬೇಡಿಕೆ. ಒಂದೇ ದಿನದಲ್ಲಿ ಮಸಾಡ, ಐನ್ ಗೆದಿ ಓಯಸಿಸ್, ಮೃತ ಸಮುದ್ರದಲ್ಲಿ ತೇಲುವುದು, ಮೂರೂ ಮುಗಿಸುತ್ತಾರೆ. ವ್ಯಾನ್ ಹೇಳಿದ ಹೊತ್ತಿಗೆ ಬಂತು, ಚಾಲಕ ಕತ್ತಲಲ್ಲಿ ಆ ತಿರುವುಗಳನ್ನು ಬಹಳ ಎಚ್ಚರದಿಂದ ದಾಟಿಸಿದ. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಬೆಟ್ಟದ ಮೇಲೆ ಕೊಡುವ ಸಮಯದ ಬಗ್ಗೆ. 'ಛಾಯಾಗ್ರಾಹಕರಿಗೆ ಹೇಳಿ ಮಾಡಿಸಿದ್ದು' ಅಂತ ಜಾಹೀರಾತಿನಲ್ಲಿ ಬರೆದವರು, ಸೂರ್ಯ ಮೇಲೆ ಬಂದು ಒಂದು ಗಂಟೆಯೊಳಗೆ ಇಳಿಯಲು ಶುರು ಮಾಡಿ ಅನ್ನುತ್ತಾರೆ. ಮಸಾಡದ ಬೆಳಕು ಹೇಗೆ ನಡೆಯುತ್ತದೆ ಅಂತ ಗೊತ್ತಿರುವವರು ಹಾಗೆ ಹೇಳುವುದಿಲ್ಲ.

ಹತ್ತುವುದು ಪೂರ್ವದ ಹಾವಿನ ಹಾದಿಯಿಂದ, ಸ್ನೇಕ್ ಪಾತ್. ಸುಮಾರು 300 ಮೀಟರ್ ಏರು. ಹೊರಡುವ ಜಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಮುಗಿಯುವ ಜಾಗ ಅದಕ್ಕಿಂತ ಮೇಲಿದೆ. ಸೂರ್ಯೋದಯಕ್ಕೆ ಸುಮಾರು ಒಂದು ಗಂಟೆ ಮುಂಚೆ ಗೇಟು ತೆಗೆಯುತ್ತಾರೆ, ಹತ್ತಲು ಮುಕ್ಕಾಲರಿಂದ ಒಂದು ಗಂಟೆ ಬೇಕು. ಅಂದರೆ ಉಸಿರು ತೆಗೆದುಕೊಳ್ಳಲು ಹೆಚ್ಚು ಬಿಡುವಿಲ್ಲ. ಭಾರದ ಟ್ರೈಪಾಡ್ ಬೇಡ. ನನ್ನ ಹತ್ತಿರ ಇದ್ದದ್ದು ಒಂದು 24-70 ಲೆನ್ಸ್, ದೂರದ್ದನ್ನು ಹತ್ತಿರ ತರುವ ಒಂದು 70-200 ಲೆನ್ಸ್, ಹಗುರವಾದ ಕಾರ್ಬನ್ ಟ್ರೈಪಾಡ್, ತಲೆಗೆ ಕಟ್ಟುವ ದೀಪ. ಮೇಲೆ ಕುಡಿಯುವ ನೀರು ಸಿಗುತ್ತದೆ, ಆದರೂ ಹತ್ತುವಾಗ ಕುಡಿಯಲು ಕೆಳಗಿನಿಂದಲೇ ಒಯ್ಯಬೇಕು.

ಫೋನಿನ ಆ್ಯಪ್ ತೋರಿಸುವ ಸೂರ್ಯೋದಯದ ಹೊತ್ತಿಗೆ ಇಲ್ಲಿ ಸೂರ್ಯ ಕಾಣುವುದಿಲ್ಲ. ಎದುರಿಗೆ, ಮೃತ ಸಮುದ್ರದ ಆಚೆ, ಜೋರ್ಡಾನಿನ ಮೋಆಬ್ ಬೆಟ್ಟಸಾಲು ಅಡ್ಡ ನಿಂತಿದೆ. ಅದನ್ನು ದಾಟಿ ಬರಲು ಸೂರ್ಯನಿಗೆ ಇನ್ನೂ ಕೆಲವು ನಿಮಿಷ ಬೇಕು. ಆ ಕೆಲವು ನಿಮಿಷಗಳೇ ನನಗೆ ಬಹಳ ಇಷ್ಟ. ನೀರಿನ ಮೇಲಿನ ಮಬ್ಬು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಗಳು ಒಂದರ ಹಿಂದೊಂದು ಪದರವಾಗಿ ಬಿಡಿಬಿಡಿಯಾಗುತ್ತವೆ. ಎಡಿಟಿಂಗ್‌ನಲ್ಲಿ ಆ ಮಬ್ಬನ್ನು ದಯವಿಟ್ಟು ತೆಗೆದುಹಾಕಬೇಡಿ. ಅದು ಹೋದರೆ ಪದರಗಳೂ ಹೋಗುತ್ತವೆ.

ಸೂರ್ಯ ಅಂಚಿಗೆ ಬಂದ ಕ್ಷಣ ಎಲ್ಲರೂ ಅದರ ಕಡೆಗೇ ಕ್ಯಾಮೆರಾ ಹಿಡಿಯುತ್ತಾರೆ. ನಾನೂ ಹಿಡಿದೆ, ಬೆಳಕಿನ ಪ್ರಮಾಣ ಬದಲಿಸುತ್ತಾ, ಎರಡು ಸ್ಟಾಪ್ ಅಂತರದಲ್ಲಿ ಮೂರು ಎಕ್ಸ್‌ಪೋಷರ್. ಆದರೆ ನಿಜವಾದ ಚಿತ್ರ ಕೆಳಗಿದೆ. ಬೆಳಕು ಮೊದಲು ಕೋಟೆಯ ತುದಿಗೆ ಬಿದ್ದು, ಆಮೇಲೆ ಜಾರಿ ಜಾರಿ ಬಯಲಿಗೆ ಇಳಿಯುತ್ತದೆ. ಅದು ಬಯಲು ಮುಟ್ಟಿದಾಗ ರೋಮನ್ ಸೈನ್ಯದ ಶಿಬಿರಗಳು ಎದ್ದು ಕಾಣುತ್ತವೆ. ಕ್ರಿ.ಶ. 73 ಅಥವಾ 74ರಲ್ಲಿ ರೋಮನ್ ದಳಪತಿ ಫ್ಲೇವಿಯಸ್ ಸಿಲ್ವನ ಹತ್ತನೇ ಲೀಜನ್, ಅಂದರೆ ಸೈನ್ಯದ ದೊಡ್ಡ ತುಕಡಿ, ಯೆಹೂದಿ ಬಂಡಾಯಗಾರರು ಅಡಗಿದ್ದ ಈ ಬೆಟ್ಟವನ್ನು ಸುತ್ತುಗಟ್ಟಿ ಎಂಟು ಶಿಬಿರ ಹೂಡಿತ್ತು. ಅವುಗಳ ಕಲ್ಲುಗೋಡೆ ಈಗ ಗಿಡ್ಡ. ನಡುಮಧ್ಯಾಹ್ನ ನೋಡಿದರೆ ಬಯಲಿನ ಬಣ್ಣದಲ್ಲೇ ಬೆರೆತುಹೋಗಿರುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಗೋಡೆಗೂ ತನ್ನ ಎತ್ತರಕ್ಕಿಂತ ಉದ್ದದ ನೆರಳು ನಮ್ಮ ಕಡೆಗೇ ಬೀಳುತ್ತದೆ, ಇಡೀ ಚೌಕ ಸೀಸದಕಡ್ಡಿಯಲ್ಲಿ ಗೀಚಿದ ಹಾಗೆ ಮೂಡುತ್ತದೆ. 70-200 ಹೊತ್ತ ಶ್ರಮ ಸಾರ್ಥಕವಾಗುವುದು ಇಲ್ಲಿ. ಸರಿಯಾಗಿ ಆ ಹೊತ್ತಿಗೆ ಗೈಡ್ ಎಲ್ಲರನ್ನೂ ಕೂರಿಸಿ ಮುತ್ತಿಗೆಯ ಕಥೆ, ಆ ಕಾಲದ ಇತಿಹಾಸಕಾರ ಯೋಸೆಫಸ್ ಬರೆದ, ಕೋಟೆಯೊಳಗಿದ್ದ 960 ಜನರ ಸಾವಿನ ಕಥೆ ಶುರು ಮಾಡಿದ. ಕಥೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಅರ್ಧ ಗಂಟೆ ಬಿಟ್ಟು ಹೇಳಿದರೂ ನಡೆಯುತ್ತಿತ್ತು. ಈ ಬೆಳಕು ಕಾಯುವುದಿಲ್ಲ.

ಇನ್ನು ಪಶ್ಚಿಮ ಬದಿ. ರೋಮನ್ನರು ಗೋಡೆ ಒಡೆಯಲು ಮಣ್ಣು ಕಲ್ಲು ಸುರಿದು ಕಟ್ಟಿದ ಇಳಿಜಾರು ಅಲ್ಲಿದೆ, ಸಿಲ್ವನದೆಂದು ಗುರುತಿಸುವ ಶಿಬಿರವೂ ಆ ಕಡೆಯೇ. ಸೂರ್ಯೋದಯದ ಹೊತ್ತಿನಲ್ಲಿ ಇದೆಲ್ಲ ಬೆಟ್ಟದ ನೆರಳಿನಲ್ಲಿ ಮುಳುಗಿರುತ್ತದೆ. ಬಿಸಿಲು ಸಾಕಷ್ಟು ಏರಿದ ಮೇಲೆ ಮೊದಲು ಶಿಬಿರ ಬೆಳಗುತ್ತದೆ, ಆಮೇಲೆ ಇಳಿಜಾರು. ಅದಕ್ಕೆ ಕಾಯಲೇಬೇಕು, ಆದರೆ ಪ್ಯಾಕೇಜಿನವರು ಅಷ್ಟರಲ್ಲಿ ಎಲ್ಲರನ್ನೂ ಕೆಳಗೆ ಕರೆಯುತ್ತಿರುತ್ತಾರೆ. ಎರಡೇ ಅಂಕ ಕೊಟ್ಟದ್ದು ಇದಕ್ಕೇ.

ಕೋಟೆಯ ಒಳಗೆ ಹತ್ತಿರದಿಂದ ತೆಗೆಯಲು ಬೇಕಾದಷ್ಟಿದೆ. ಗೋಡೆಗಳ ಮೇಲೆ ಅಂಕುಡೊಂಕಾಗಿ ಒಂದು ಕಪ್ಪು ಗೆರೆ ಓಡುತ್ತದೆ. ಗೆರೆಯ ಕೆಳಗಿನದು ಉತ್ಖನನದಲ್ಲಿ ಸಿಕ್ಕಿದ ಹಾಗೇ ಇರುವ ಗೋಡೆ, ಮೇಲಿನದು ಆಮೇಲೆ ಜೋಡಿಸಿದ್ದು. 1963ರಿಂದ 65ರವರೆಗೆ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಇಲ್ಲಿ ಅಗೆಸಿದ್ದರು. ಆ ಗೆರೆಯನ್ನು ಚೌಕಟ್ಟಿನಿಂದ ಹೊರಗಿಡುವವರೇ ಹೆಚ್ಚು, ನಾನು ಬೇಕೆಂದೇ ಒಳಗಿಟ್ಟೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಇಷ್ಟು ಪ್ರಾಮಾಣಿಕವಾಗಿ ಹೇಳುವ ಗೋಡೆ ಚಿತ್ರದಲ್ಲೂ ಹಾಗೇ ಕಾಣಬೇಕು. ಹಕ್ಕಿಗಳನ್ನೂ ಮರೆಯಬೇಡಿ. ಟ್ರಿಸ್ಟ್ರಾಮ್ ಸ್ಟಾರ್ಲಿಂಗ್‌ಗಳು ಮನುಷ್ಯರಿಗೆ ಹೆದರುವುದೇ ಇಲ್ಲ. ಕೂತಾಗ ಬರೀ ಕಪ್ಪು, ಹೆಣ್ಣಿನ ತಲೆ ಸ್ವಲ್ಪ ಬೂದು. ಗೋಡೆಯಿಂದ ಹಾರಿದ ತಕ್ಷಣ ರೆಕ್ಕೆಯ ಕಿತ್ತಳೆ ಪಟ್ಟೆ ಬಿಚ್ಚಿಕೊಳ್ಳುತ್ತದೆ, ಎದುರು ಬಿಸಿಲಿದ್ದರೆ ಆ ಪಟ್ಟೆಯ ಮೂಲಕ ಬೆಳಕು ಹಾಯುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/2000ಕ್ಕಿಂತ ಕಡಿಮೆ ಇಟ್ಟರೆ ಅದು ಸಿಗುವುದು ಕಷ್ಟ.

ಯಾವ ಕಾಲದಲ್ಲಿ ಹೋಗಬೇಕು ಅನ್ನುವುದು ನಿಮಗೆ ಯಾವ ಚಿತ್ರ ಬೇಕು ಅನ್ನುವುದರ ಮೇಲಿದೆ. ಜೂನ್‌ನಲ್ಲಿ ಸೂರ್ಯ ಈಶಾನ್ಯದ ಕಡೆ ಹುಟ್ಟುತ್ತಾನೆ, ಹೆರೋದ್ ರಾಜ ಮೂರು ಅಂತಸ್ತಿನಲ್ಲಿ ಕಟ್ಟಿಸಿದ ಉತ್ತರದ ಅರಮನೆಗೆ ಆಗ ಒಳ್ಳೆಯ ಬೆಳಕು. ಆದರೆ ಬೇಸಿಗೆಯಲ್ಲಿ ಬಿಸಿಲು ವಿಪರೀತವಾದ ದಿನ ಹಾವಿನ ಹಾದಿಯನ್ನು ಬೇಗ ಮುಚ್ಚುತ್ತಾರೆ. ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದಿರುತ್ತಾನೆ, ಉಪ್ಪಿನ ಬಾಷ್ಪೀಕರಣದ ಕೊಳಗಳಿರುವ ದಿಕ್ಕಿಗೆ. ಹಳೆಯ ಪುಸ್ತಕಗಳ ಚಿತ್ರ ನೋಡಿ ಬೆಟ್ಟದ ಬುಡದ ಹತ್ತಿರವೇ ನೀರು ಇರುತ್ತದೆ ಅಂದುಕೊಳ್ಳಬೇಡಿ. ಮೃತ ಸಮುದ್ರ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ, ದಡ ದೂರ ಸರಿದಿದೆ. ಡ್ರೋನ್ ತರುವ ಯೋಚನೆ ಬೇಡ, ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಹಾಗಾದರೆ ಏನು ಮಾಡಬೇಕು? ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬಂದು ಬೆಟ್ಟದ ಬುಡದ ವಸತಿಗೃಹದಲ್ಲಿ ಉಳಿದುಕೊಳ್ಳಿ, ಟಿಕೆಟ್ ಮೊದಲೇ ಕಾದಿರಿಸಿ. ನಡೆದು ಹತ್ತುವವರಿಗೆ ಪ್ರವೇಶ ಶುಲ್ಕ ಸುಮಾರು 30 ಶೆಕೆಲ್ (ಇಸ್ರೇಲಿನ ಹಣ). ಬೆಳಿಗ್ಗೆ 8ರ ಮೇಲೆ ಕೇಬಲ್ ಕಾರ್ ಇದೆ, ಮಂಡಿ ನೋಯುತ್ತಿದ್ದರೆ ಅದರಲ್ಲೇ ಇಳಿಯಬಹುದು. ಸ್ವಂತ ಕಾರಿದ್ದು ಹೆಚ್ಚು ಹತ್ತಲು ಆಗದವರು ಅರಾದ್ ಊರಿನ ಕಡೆಯಿಂದ ಪಶ್ಚಿಮದ ಗೇಟಿಗೆ ಹೋಗಿ ರೋಮನ್ ಇಳಿಜಾರಿನ ಹಾದಿ ಹಿಡಿಯಲಿ, ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮೇಲಿರುತ್ತೀರಿ. ಪೂರ್ವದ ಗೇಟಿಗೂ ಪಶ್ಚಿಮದ ಗೇಟಿಗೂ ನಡುವೆ ನೇರ ರಸ್ತೆಯಿಲ್ಲ, ನಕ್ಷೆಯಲ್ಲಿ ಹತ್ತಿರ ಕಂಡರೂ ದೂರ ಸುತ್ತಿಕೊಂಡು ಬರಬೇಕು. ಕಾರು ಯಾವ ಬದಿಯಲ್ಲಿ ನಿಲ್ಲಿಸಿದ್ದೀರೋ ಅದೇ ಬದಿಗೆ ಇಳಿಯಿರಿ.