ವಯಸ್ಸಾದ ಹಾಕಿ ಆಟಗಾರ: ಲೀಗ್ ಬಿಡಬೇಕೋ, ಜಾಗ ಬದಲಿಸಬೇಕೋ?

ಕೊಡಗಿನಲ್ಲಿ ಹಾಕಿ ಬಿಡು ಅನ್ನುವುದು ಸುಲಭದ ಮಾತಲ್ಲ. ಆದರೂ ಮೂವತ್ತೈದು ದಾಟಿದ ಫಾರ್ವರ್ಡ್ (ಮುಂದಿನ ಸಾಲಿನ) ಆಟಗಾರ ಯೋಚಿಸಲೇಬೇಕು.

ಲೀಗ್‌ನಲ್ಲೇ ಉಳಿಯುವುದಾದರೆ ಹಿಂದಿನ ಸಾಲಿಗೆ, ಅಂದರೆ ಡಿಫೆನ್ಸ್‌ಗೆ ಬನ್ನಿ. 15 ನಿಮಿಷದ 4 ಕ್ವಾರ್ಟರ್‌ಗಳಲ್ಲಿ ಫಾರ್ವರ್ಡ್ ಮತ್ತೆ ಮತ್ತೆ ಜೋರಾಗಿ ಓಡಬೇಕು. ವಯಸ್ಸಾದಂತೆ ಮೊದಲು ಕೈಕೊಡುವುದು ಆ ವೇಗವೇ. ಚೆಂಡು ಎಲ್ಲಿಗೆ ಬರುತ್ತದೆ ಎಂಬ ಅಂದಾಜು ಅಷ್ಟು ಬೇಗ ಹೋಗುವುದಿಲ್ಲ, ಡಿಫೆನ್ಸ್‌ಗೆ ಬೇಕಾದದ್ದೂ ಅದೇ ಅಲ್ವಾ? ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಇಳಿಸಬಹುದು, ನಡುವೆ ಉಸಿರು ತೆಗೆದುಕೊಳ್ಳಬಹುದು. ಆದರೆ ಒಂದು ಪಂದ್ಯದ ಮಂಡಿ ನೋವು ಮುಂದಿನ ಪಂದ್ಯಕ್ಕೂ ಆರದಿದ್ದರೆ, ಮಾತ್ರೆ ನುಂಗಿ ಇಳಿಯಬೇಡಿ. ಆಗ ಲೀಗ್ ಬಿಡುವುದೇ ಸರಿ.

ಬಿಟ್ಟರೆ ಸ್ಟಿಕ್ ಮೂಲೆ ಸೇರಬೇಕಿಲ್ಲ. ಭಾರತ ತಂಡದ ಫಾರ್ವರ್ಡ್ ಆಗಿದ್ದ ಸೋಮವಾರಪೇಟೆಯ ಎಸ್.ವಿ. ಸುನಿಲ್ 2021ರಲ್ಲಿ ನಿವೃತ್ತಿ ಹೇಳುವಾಗಲೂ ಐವರ ಹಾಕಿಗೆ ಸಿದ್ಧ ಎಂದಿದ್ದರು. ನಮಗಂತೂ 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಇದೆ. ಅಲ್ಲಿ ಅಜ್ಜ, ಮೊಮ್ಮಗ, ಹೆಣ್ಣುಮಕ್ಕಳು ಒಂದೇ ಒಕ್ಕದ (ಮನೆತನದ) ತಂಡದಲ್ಲಿ ಆಡಬಹುದು.

ನನ್ನ ಆಯ್ಕೆ ಕೇಳಿದರೆ, ಓಟ ಮಾತ್ರ ಕಮ್ಮಿಯಾಗಿದ್ದರೆ ಡಿಫೆನ್ಸ್. ನೋವು ಜಾಸ್ತಿಯಾಗಿದ್ದರೆ ಲೀಗ್‌ಗೆ ವಿದಾಯ, ಮಂಡಿ ಒಪ್ಪಿದರೆ ವರ್ಷಕ್ಕೊಮ್ಮೆ ಒಕ್ಕದ ಜೆರ್ಸಿ.